ದ್ರವಸ್ಫಟಿಕ: ಪರದೆಯ ಆಚೆಗಿನ ಕಥೆ

ದ್ರವಸ್ಫಟಿಕ ಅಂದ ಕೂಡಲೆ ನಮಗೆಲ್ಲ ನೆನಪಾಗುವುದು ಎಲ್‌ಸಿಡಿ. ಕ್ಯಾಲ್ಕ್ಯುಲೇಟರ್, ಕೈಗಡಿಯಾರ, ಪೆಟ್ರೋಲ್ ಬಂಕಿನ ಮೀಟರು, ಆಮೇಲೆ ಟಿವಿ. ಆ ಮೂರಕ್ಷರಗಳಲ್ಲಿ ಕೊನೆಯ 'ಡಿ', ಅಂದರೆ ಡಿಸ್‌ಪ್ಲೇ, ಮೊದಲಿನ ಎರಡನ್ನೂ ನುಂಗಿ ಹಾಕಿಬಿಟ್ಟಿದೆ. ಆದರೆ ಅಮೆರಿಕದ ಆರ್‌ಸಿಎ ಕಂಪನಿ ತನ್ನ ದ್ರವಸ್ಫಟಿಕ ಪರದೆಯನ್ನು ಪತ್ರಕರ್ತರ ಮುಂದೆ ಇಟ್ಟಿದ್ದು 1968ರಲ್ಲಿ. ಅಷ್ಟು ಹೊತ್ತಿಗೆ ಈ ವಸ್ತುವಿಗೆ 80 ವರ್ಷ ವಯಸ್ಸಾಗಿತ್ತು! ಅದಕ್ಕೆ ಮೊದಲೂ, ಅದರ ಜೊತೆಜೊತೆಗೂ, ಬೇರೆ ಬೇರೆ ವಿಜ್ಞಾನಗಳು ಇದನ್ನು ಉಪಕರಣವಾಗಿ ದುಡಿಸಿಕೊಂಡವು. ಆ ಕಥೆ ಕನ್ನಡದಲ್ಲಿ ಅಷ್ಟಾಗಿ ಕಾಣುವುದಿಲ್ಲ. ಅದರಲ್ಲಿ ಮೈಸೂರು, ಬೆಂಗಳೂರುಗಳ ಪಾಲೂ ಇರುವುದರಿಂದ ಇಲ್ಲಿ ಬರೆದಿಡೋಣ ಅನ್ನಿಸಿತು.

ಮೊದಲು ವಸ್ತು ಎಂಥದ್ದು ನೋಡೋಣ. ಸ್ಫಟಿಕದಲ್ಲಿ ಅಣುಗಳು ಪರೇಡಿಗೆ ನಿಂತ ಎನ್‌ಸಿಸಿ ಹುಡುಗರ ಹಾಗೆ. ನಿಲ್ಲುವ ಜಾಗವೂ ನಿಗದಿ, ಮುಖ ಮಾಡುವ ದಿಕ್ಕೂ ನಿಗದಿ. ದ್ರವದಲ್ಲಾದರೆ ಸಂತೆಯ ಜನ, ಯಾರು ಎಲ್ಲಿ ಯಾವ ಕಡೆಗೆ ಹೇಳುವಂತಿಲ್ಲ. ದ್ರವಸ್ಫಟಿಕ ಇವೆರಡರ ನಡುವಿನದು. ಹೊಳೆಯಲ್ಲಿ ತೇಲಿಬಿಟ್ಟ ಬಿದಿರಿನ ಗಳಗಳನ್ನು ನೆನೆಸಿಕೊಳ್ಳಿ. ಒಂದೊಂದೂ ಹಿಂದೆ ಮುಂದೆ ಜಾರುತ್ತಿರುತ್ತದೆ, ಆದರೆ ಹೆಚ್ಚುಕಡಿಮೆ ಎಲ್ಲವೂ ಒಂದೇ ದಿಕ್ಕಿಗೆ ಮಲಗಿರುತ್ತವೆ. ಹರಿಯುತ್ತದೆ, ಹಾಗಾಗಿ ದ್ರವ. ದಿಕ್ಕು ಇದೆ, ಹಾಗಾಗಿ ಬೆಳಕಿನ ಮಟ್ಟಿಗೆ ಸ್ಫಟಿಕ. ಈ ಅರ್ಧ ಶಿಸ್ತು ಇದೆಯಲ್ಲ, ಮುಂದೆ ಹೇಳುವ ಉಪಯೋಗಗಳ ಗುಟ್ಟೆಲ್ಲ ಅಲ್ಲೇ ಇದೆ. ಪೂರ್ತಿ ಶಿಸ್ತಿನ ಸ್ಫಟಿಕದಿಂದಲೂ ಆಗದ, ಶಿಸ್ತೇ ಇಲ್ಲದ ದ್ರವದಿಂದಲೂ ಆಗದ ಕೆಲಸಗಳು ಇದರಿಂದ ಆಗಿವೆ.

ಇನ್ನೊಂದು ಮಾತು. ಸೋಪಿನ ಡಬ್ಬಿಯ ತಳದಲ್ಲಿ ನೀರು ನಿಂತು ಲೋಳೆಯಾಗಿರುತ್ತದಲ್ಲ, ಅದೂ ದ್ರವಸ್ಫಟಿಕದ್ದೇ ಒಂದು ಜಾತಿ. ಅಲ್ಲಿ ಅಣುಗಳನ್ನು ಜೋಡಿಸುವುದು ಮುಖ್ಯವಾಗಿ ನೀರಿನ ಪ್ರಮಾಣ. ಈ ಲೋಳೆಯನ್ನು ಸ್ವಲ್ಪ ನೆನಪಿಟ್ಟುಕೊಳ್ಳಿ, ಕೊನೆಯಲ್ಲಿ ಬೇಕಾಗುತ್ತದೆ.

ಇದು ಮೊದಲು ಕಣ್ಣಿಗೆ ಬಿದ್ದದ್ದು ಭೌತವಿಜ್ಞಾನಿಗಲ್ಲ, ಸಸ್ಯವಿಜ್ಞಾನಿಗೆ. 1888ರಲ್ಲಿ ಪ್ರಾಗ್ ನಗರದಲ್ಲಿದ್ದ ಫ್ರೆಡ್ರಿಕ್ ರೈನಿಟ್ಜರ್, ಕೊಲೆಸ್ಟೆರಾಲಿಗೆ ಸಂಬಂಧಿಸಿದ ಕೊಲೆಸ್ಟೆರಿಲ್ ಬೆಂಜೋಯೇಟ್ ಎಂಬ ವಸ್ತುವನ್ನು ಕಾಯಿಸುತ್ತಿದ್ದ. 145.5 ಡಿಗ್ರಿ ಸೆಲ್ಸಿಯಸ್‌ನಲ್ಲಿ ಅದು ಕರಗಿತು, ಆದರೆ ಗಂಜಿಯ ಹಾಗೆ ಮಬ್ಬಾಗಿ. ಇನ್ನೂ ಕಾಯಿಸಿದಾಗ 178.5 ಡಿಗ್ರಿಯಲ್ಲಿ ಥಟ್ಟನೆ ತಿಳಿಯಾಯಿತು. ತಣಿಸಿದರೆ ನೀಲಿ, ನೇರಳೆ ಬಣ್ಣಗಳು ಮೂಡಿ ಮಾಯವಾಗುತ್ತಿದ್ದವು. ಒಂದು ವಸ್ತುವಿಗೆ ಎರಡು ಕರಗುವ ಬಿಂದು ಎಲ್ಲಾದರೂ ಉಂಟೇ? ರೈನಿಟ್ಜರ್ ಸ್ಯಾಂಪಲ್ ಸಮೇತ ಪತ್ರ ಬರೆದದ್ದು ಜರ್ಮನಿಯ ಭೌತವಿಜ್ಞಾನಿ ಓಟ್ಟೊ ಲೇಮನ್‌ಗೆ. ಲೇಮನ್ ಬಳಿ ಕಾಯಿಸುತ್ತಲೇ ನೋಡಬಹುದಾದ ಧ್ರುವೀಕರಣ ಸೂಕ್ಷ್ಮದರ್ಶಕ ಇತ್ತು. ಹರಿಯುತ್ತಿದ್ದ ದ್ರವ ಅದರಡಿಯಲ್ಲಿ ಸ್ಫಟಿಕದ ಹಾಗೆ ಮಿನುಗಿತು. 1889ರಲ್ಲಿ ಅವನು ಪ್ರಬಂಧಕ್ಕೆ ಇಟ್ಟ ಹೆಸರೇ 'ಹರಿಯುವ ಸ್ಫಟಿಕಗಳು'. ಬಹಳ ಮಂದಿ ನಂಬಲಿಲ್ಲ. ಎರಡು ವಸ್ತು ಸರಿಯಾಗಿ ಬೆರೆಯದೆ ಮಬ್ಬಾಗಿದೆ ಅಷ್ಟೆ, ಇದು ಕಲಬೆರಕೆ ಎಂದು ವಾದಿಸಿದರು. ಜಗಳ ವರ್ಷಗಟ್ಟಲೆ ನಡೆಯಿತು. 1922ರಲ್ಲಿ ಫ್ರಾನ್ಸಿನ ಜಾರ್ಜ್ ಫ್ರೀಡೆಲ್ ನೆಮ್ಯಾಟಿಕ್, ಸ್ಮೆಕ್ಟಿಕ್, ಕೊಲೆಸ್ಟೆರಿಕ್ ಎಂದು ಮೂರು ಬಗೆ ಮಾಡಿ ಹೆಸರು ಕೊಟ್ಟ ಮೇಲೆ ವಿಷಯ ಒಂದು ಹಂತಕ್ಕೆ ಬಂತು.

ಆಮೇಲೆ ಬಂದದ್ದು ಒಂದು ವೈರಸ್. ಹೊಗೆಸೊಪ್ಪಿನ ಎಲೆಗಳಲ್ಲಿ ಚುಕ್ಕೆ ಮೂಡಿಸುವ ಟೊಬ್ಯಾಕೊ ಮೊಸಾಯಿಕ್ ವೈರಸ್ಸನ್ನು 1935ರಲ್ಲಿ ಅಮೆರಿಕದ ವೆಂಡೆಲ್ ಸ್ಟ್ಯಾನ್ಲಿ ಶುದ್ಧ ಮಾಡಿ ಹರಳಿನ ರೂಪಕ್ಕೆ ತಂದಿದ್ದರು. ಮರುವರ್ಷವೇ ಇಂಗ್ಲೆಂಡಿನಲ್ಲಿ ಬಾಡನ್, ಪಿರಿ, ಬರ್ನಾಲ್ ಮತ್ತು ಫ್ಯಾಂಕುಖೆನ್ ಎಂಬ ನಾಲ್ವರು ನೇಚರ್ ಪತ್ರಿಕೆಯಲ್ಲಿ ಒಂದು ಬರಹ ಪ್ರಕಟಿಸಿದರು. ವೈರಸ್ಸಿನ ದ್ರಾವಣವನ್ನು ಅಲುಗಿಸದೆ ಇಟ್ಟರೆ ಅದು ತಾನಾಗಿಯೇ ಎರಡು ಪದರವಾಗುತ್ತದೆ, ಕೆಳಗಿನ ಪದರ ದ್ರವಸ್ಫಟಿಕ! ಈ ವೈರಸ್ಸಿನ ಕಣ ಒಂದು ಕಡ್ಡಿ, ಉದ್ದ 300 ನ್ಯಾನೊಮೀಟರ್, ದಪ್ಪ 18. ಕಡ್ಡಿಗಳು ಒತ್ತೊತ್ತಾಗಿ ಸೇರಿದಾಗ ಸಮಾಂತರವಾಗಿ ಮಲಗುವುದೇ ಅವಕ್ಕೆ ಅನುಕೂಲ. ಒಂದರ ಮೈ ಇನ್ನೊಂದಕ್ಕೆ ತಾಗದೆ ಅಲ್ಲಾಡಲು ಆಗ ಹೆಚ್ಚು ಜಾಗ ಸಿಗುತ್ತದೆ. (ಇದನ್ನು 1949ರಲ್ಲಿ ಲಾರ್ಸ್ ಆನ್‌ಸಾಗರ್ ಲೆಕ್ಕ ಹಾಕಿ ತೋರಿಸಿದರು.)

ಇದರಿಂದ ಏನು ಪ್ರಯೋಜನ ಅಂತೀರಾ? ಹೀಗೆ ಒಂದೇ ದಿಕ್ಕಿಗೆ ಮಲಗಿದ ವೈರಸ್ಸುಗಳ ಮೂಲಕ ಎಕ್ಸ್-ರೇ ಹಾಯಿಸಿದರೆ ಕಣದ ಒಳರಚನೆಯ ಸುಳಿವು ಚಿತ್ರದಲ್ಲಿ ಮೂಡುತ್ತದೆ. ಡಿಎನ್‌ಎ ಚಿತ್ರದಿಂದ ನಮಗೆಲ್ಲ ಪರಿಚಿತರಾದ ರೊಸಾಲಿಂಡ್ ಫ್ರಾಂಕ್ಲಿನ್, ಅದಾದ ಮೇಲೆ ಲಂಡನ್ನಿನ ಬರ್ಕ್‌ಬೆಕ್ ಕಾಲೇಜಿನಲ್ಲಿ 1953ರಿಂದ 1958ರಲ್ಲಿ ತೀರಿಕೊಳ್ಳುವವರೆಗೆ ದುಡಿದದ್ದು ಬಹುಪಾಲು ಇದರ ಮೇಲೆಯೇ. ಹಾಗೆ ಜೋಡಿಸಿಕೊಂಡ ಜೆಲ್ಲಿಗಳ ಎಕ್ಸ್-ರೇ ಚಿತ್ರಗಳಿಂದ ವೈರಸ್ಸಿನ ಆರ್‌ಎನ್‌ಎ ಅದರ ಪ್ರೋಟೀನ್ ಕೊಳವೆಯೊಳಗೆ ಎಲ್ಲಿ ಹುದುಗಿದೆ ಎಂದು ತೋರಿಸಿದರು. ಡಿಎನ್‌ಎ ಕಥೆಯ ಗದ್ದಲದಲ್ಲಿ ಈ ಕೆಲಸ ಮರೆಗೆ ಸರಿದಿರುವುದು ನನಗಂತೂ ಅನ್ಯಾಯ ಅನ್ನಿಸುತ್ತದೆ.

ಈಗ ಬಣ್ಣದ ವಿಷಯಕ್ಕೆ ಬರೋಣ. ರೈನಿಟ್ಜರ್ ಕಂಡ ಆ ನೀಲಿ, ನೇರಳೆಗಳು ಬಣ್ಣದ ಪುಡಿಯಿಂದ ಬಂದವಲ್ಲ. ಕೊಲೆಸ್ಟೆರಿಕ್ ಜಾತಿಯಲ್ಲಿ ಅಣುಗಳ ದಿಕ್ಕು ಒಂದು ಕಡೆಯಿಂದ ಇನ್ನೊಂದು ಕಡೆಗೆ ಹೋಗುತ್ತ ತುಸು ತುಸುವೇ ತಿರುಗುತ್ತದೆ, ಸುರುಳಿ ಮೆಟ್ಟಿಲಿನ ಹಾಗೆ. ಒಂದು ಪೂರ್ತಿ ಸುತ್ತಿನ ಉದ್ದ ಬೆಳಕಿನ ತರಂಗಾಂತರದ ಆಸುಪಾಸಿನಲ್ಲಿದ್ದರೆ ಅದಕ್ಕೆ ಹೊಂದುವ ಬಣ್ಣ ಮಾತ್ರ ಪ್ರತಿಫಲಿಸುತ್ತದೆ. ಬಿಸಿ ಬದಲಾದರೆ ಸುರುಳಿ ಬಿಗಿಯುತ್ತದೆ ಇಲ್ಲವೆ ಸಡಿಲವಾಗುತ್ತದೆ, ಬಣ್ಣವೂ ಬದಲಾಗುತ್ತದೆ. ಗಟ್ಟಿ ಹರಳಿನಲ್ಲಿ ಒಂದೆರಡು ಡಿಗ್ರಿಗೆ ರಚನೆ ಇಷ್ಟೊಂದು ಕದಲುವುದಿಲ್ಲ, ಮಾಮೂಲಿ ದ್ರವದಲ್ಲಿ ಕದಲಲು ರಚನೆಯೇ ಇಲ್ಲ. ಇದು ಮೆತ್ತಗಿರುವುದರಿಂದ ಮಿಶ್ರಣವನ್ನು ಸರಿಯಾಗಿ ಹದ ಮಾಡಿದರೆ ಒಂದೇ ಡಿಗ್ರಿಯೊಳಗೆ ಕೆಂಪಿನಿಂದ ಹಸಿರು ದಾಟಿ ನೀಲಿಗೆ ಓಡುತ್ತದೆ. ಗಮನಿಸಿ, ತಂಪಿಗೆ ಕೆಂಪು, ಬಿಸಿಗೆ ನೀಲಿ, ನಮ್ಮ ನಲ್ಲಿಗಳ ಗುರುತಿಗೆ ತದ್ವಿರುದ್ಧ!

ಇದನ್ನು ಥರ್ಮಾಮೀಟರ್ ಮಾಡಬಹುದೆಂದು ಹೊಳೆದದ್ದು ಜೇಮ್ಸ್ ಫರ್ಗಸನ್‌ಗೆ. ಪಿಟ್ಸ್‌ಬರ್ಗಿನ ವೆಸ್ಟಿಂಗ್‌ಹೌಸ್ ಪ್ರಯೋಗಾಲಯದಲ್ಲಿ 1950ರ ದಶಕದ ಕೊನೆಯಲ್ಲಿ ಅವರು ಈ ಕೆಲಸಕ್ಕೆ ಇಳಿದರು, 1963ರಲ್ಲಿ ಪೇಟೆಂಟ್ ಸಿಕ್ಕಿತು. 1964ರಲ್ಲಿ ಸೈಂಟಿಫಿಕ್ ಅಮೆರಿಕನ್ ಪತ್ರಿಕೆಯಲ್ಲಿ ಅವರು ಬರೆದ ಲೇಖನ ಎಷ್ಟೋ ಪ್ರಯೋಗಾಲಯಗಳಿಗೆ ಈ ವಸ್ತುವಿನ ಮೊದಲ ಪರಿಚಯ. ಇದೇ ಫರ್ಗಸನ್ ಮುಂದೆ ಪರದೆಯ ತಂತ್ರಜ್ಞಾನದಲ್ಲೂ ದೊಡ್ಡ ಹೆಸರಾದರು, ಆದರೆ ಶುರುವಾದದ್ದು ಇಲ್ಲಿಂದ.

ಮೊದಲು ಕೈ ಚಾಚಿದವರು ವೈದ್ಯರು. ಚರ್ಮಕ್ಕೆ ಕಪ್ಪು ಬಣ್ಣ ಬಳಿದು (ಕಪ್ಪು ಹಿನ್ನೆಲೆ ಇಲ್ಲದಿದ್ದರೆ ಬಣ್ಣ ಎದ್ದು ಕಾಣುವುದಿಲ್ಲ) ಅದರ ಮೇಲೆ ದ್ರವಸ್ಫಟಿಕ ಸವರಿದರೆ ಮೈಯ ಬಿಸಿ ನಕ್ಷೆಯಾಗಿ ಮೂಡುತ್ತಿತ್ತು. ಚರ್ಮರೋಗ ತಜ್ಞರ ಜೊತೆ ಸೇರಿ ಫರ್ಗಸನ್ 1965ರಲ್ಲಿ ಈ ಬಗ್ಗೆ ಪ್ರಬಂಧ ಬರೆದರು. ಗೆಡ್ಡೆ ಇರುವಲ್ಲಿ ರಕ್ತಸಂಚಾರ ಹೆಚ್ಚು, ಆದ್ದರಿಂದ ಬಿಸಿ ಹೆಚ್ಚು. ಹಾಗಾದರೆ ಸ್ತನ ಕ್ಯಾನ್ಸರನ್ನು ಎಕ್ಸ್-ರೇ ಇಲ್ಲದೆ, ನೋವಿಲ್ಲದೆ ಬಣ್ಣದಲ್ಲೇ ಹಿಡಿಯಬಹುದಲ್ಲ? ಆಸೆ ಸಹಜವಾದದ್ದೇ. ಆದರೆ ಎಲ್ಲ ಗೆಡ್ಡೆಯೂ ಚರ್ಮಕ್ಕೆ ಬಿಸಿ ಮುಟ್ಟಿಸುವುದಿಲ್ಲ, ಬಿಸಿಯಾದದ್ದೆಲ್ಲ ಗೆಡ್ಡೆಯೂ ಅಲ್ಲ. ದ್ರವಸ್ಫಟಿಕದ ಹಾಳೆಯಿರಲಿ, ಅವಕೆಂಪು ಕ್ಯಾಮೆರಾ ಇರಲಿ, ಚರ್ಮದ ಬಿಸಿಯೊಂದನ್ನೇ ನೋಡಿ ಕ್ಯಾನ್ಸರ್ ಇಲ್ಲ ಎನ್ನುವುದು ಅಪಾಯದ ಮಾತು. ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ ಎಫ್‌ಡಿಎ, ಥರ್ಮೋಗ್ರಫಿ ಮ್ಯಾಮೊಗ್ರಾಮಿಗೆ ಬದಲಿಯಲ್ಲ ಎಂದು ಮತ್ತೆ ಮತ್ತೆ ಎಚ್ಚರಿಕೆ ಕೊಟ್ಟಿದೆ. ಹಾಗಿದ್ದೂ ಬದಲಿಯೆಂದೇ ಹೇಳಿ ಮಾರುವವರಿದ್ದಾರೆ. ಮನೆಯಲ್ಲಿ ಯಾರಾದರೂ ಅಂಥ ಜಾಹೀರಾತು ನೋಡಿ ಮ್ಯಾಮೊಗ್ರಾಮ್ ಬೇಡ ಅನ್ನುತ್ತಿದ್ದರೆ ದಯವಿಟ್ಟು ಈ ವಿಷಯ ಹೇಳಿ.

ಮಗುವಿನ ಹಣೆಗೆ ಅಂಟಿಸಿ ಜ್ವರ ನೋಡುವ ಪಟ್ಟಿ ಇದೇ ವಸ್ತುವಿನದು. 1975ರಲ್ಲಿ ಅಮೆರಿಕದಲ್ಲಿ ಹುಚ್ಚೆಬ್ಬಿಸಿದ 'ಮೂಡ್ ರಿಂಗ್' ಕೂಡ. ಮನಸ್ಸಿನ ಸ್ಥಿತಿ ಹೇಳುವ ಉಂಗುರವಂತೆ! ಅದು ಹೇಳುತ್ತಿದ್ದದ್ದು ಬೆರಳಿನ ಬಿಸಿಯನ್ನು ಅಷ್ಟೆ.

ವೈದ್ಯರ ಕೈಯಲ್ಲಿ ಅರ್ಧಕ್ಕೆ ನಿಂತದ್ದು ಇಂಜಿನಿಯರುಗಳ ಕೈಯಲ್ಲಿ ಪಳಗಿತು. ವಿಮಾನದ ಜೆಟ್ ಇಂಜಿನ್ನಿನೊಳಗೆ ಟರ್ಬೈನಿನ ಅಲಗುಗಳಿಗೆ ಬಡಿಯುವ ಗಾಳಿ, ಆ ಅಲಗಿನ ಲೋಹ ಕರಗುವ ಬಿಸಿಗಿಂತಲೂ ಬಿಸಿ. ಅಲಗು ಉಳಿಯುವುದು ಅದರೊಳಗೆ ಕೊರೆದ ಸಂದುಗಳಲ್ಲಿ ತಂಪು ಗಾಳಿ ಹರಿಯುವುದರಿಂದ. ಯಾವ ತಿರುವಿನಲ್ಲಿ ಎಷ್ಟು ತಂಪಾಗುತ್ತದೆ ಎನ್ನುವುದು ಇಂಜಿನ್ನಿನ ಆಯುಸ್ಸಿನ ಪ್ರಶ್ನೆ. 1980ರ ದಶಕದಲ್ಲಿ ಆಕ್ಸ್‌ಫರ್ಡಿನ ಐರ್ಲೆಂಡ್ ಮತ್ತು ಜೋನ್ಸ್ ಈ ಸಂದುಗಳ ದೊಡ್ಡ ಮಾದರಿಗಳನ್ನು ಪಾರದರ್ಶಕ ಪ್ಲಾಸ್ಟಿಕ್ಕಿನಲ್ಲಿ ಮಾಡಿ, ಒಳಗೋಡೆಗೆ ದ್ರವಸ್ಫಟಿಕ ಬಳಿದು, ಒಮ್ಮೆಲೆ ಬಿಸಿ ಗಾಳಿ ಬಿಟ್ಟು ವೀಡಿಯೊ ಮಾಡುವ ವಿಧಾನವನ್ನು ಬೆಳೆಸಿದರು. ಯಾವ ಬಿಂದು ಎಷ್ಟು ಸೆಕೆಂಡಿನಲ್ಲಿ ಬಣ್ಣ ಬದಲಿಸಿತು ಎಂಬುದರಿಂದ ಅಲ್ಲಿ ಬಿಸಿ ಎಷ್ಟು ಬೇಗ ದಾಟುತ್ತದೆಂದು ಲೆಕ್ಕ ಸಿಗುತ್ತದೆ. ತಂತಿ ಥರ್ಮಾಮೀಟರಾದರೆ ಒಂದೊಂದು ಬಿಂದುವಿನ ಸುದ್ದಿ ಕೊಡುತ್ತದೆ, ಇದು ಇಡೀ ಗೋಡೆಯದ್ದನ್ನು ಒಟ್ಟಿಗೆ ಕೊಡುತ್ತದೆ. ನನ್ನ ಲೆಕ್ಕದಲ್ಲಿ ಪರದೆಯಾಚೆಯ ಬಳಕೆಗಳಲ್ಲಿ ಅತ್ಯಂತ ಕಡಿಮೆ ಹೆಸರು ಪಡೆದು ಅತ್ಯಂತ ಹೆಚ್ಚು ದುಡಿದದ್ದು ಇದೇ.

ಇದೇ ಮಿಶ್ರಣವನ್ನು ಧೂಳಿನಷ್ಟು ಸಣ್ಣ ಗೂಡುಗಳಲ್ಲಿ ತುಂಬಿ ನೀರಿಗೆ ಬೆರೆಸಿದರೆ, ಪ್ರತಿ ಕಣವೂ ತೇಲುವ ಥರ್ಮಾಮೀಟರ್. ಬಣ್ಣ ನೋಡಿದರೆ ಬಿಸಿ, ಚಲನೆ ನೋಡಿದರೆ ವೇಗ. ಭೂಮಿಯ ಒಡಲಿನಿಂದ ಬಿಸಿ ಬಂಡೆ ಹೇಗೆ ಮೇಲೇಳುತ್ತದೆ ಎಂದು ಅರಿಯಲು ಪ್ಯಾರಿಸ್ಸಿನ ಭೂಭೌತ ವಿಜ್ಞಾನಿಗಳು ತೊಟ್ಟಿಯಲ್ಲಿ ಸಕ್ಕರೆ ಪಾಕ ತುಂಬಿ, ಈ ಕಣ ಬೆರೆಸಿ, ಕೆಳಗಿನಿಂದ ಕಾಯಿಸಿ ನೋಡಿದ್ದಾರೆ. ಪಾಕ ಇಲ್ಲಿ ಭೂಗರ್ಭದ ಪಾತ್ರಧಾರಿ.

ಇಷ್ಟು ಬಿಸಿಯ ಕಥೆಯಾಯಿತು. ನನಗೆ ಇದಕ್ಕಿಂತ ಸೊಗಸಾಗಿ ಕಾಣುವುದು ಎನ್‌ಎಂಆರ್ ಕಥೆ, ಅಂದರೆ ಆಸ್ಪತ್ರೆಯ ಎಂಆರ್‌ಐಗೆ ಹಿರಿಯಣ್ಣನಾದ ನ್ಯೂಕ್ಲಿಯರ್ ಮ್ಯಾಗ್ನೆಟಿಕ್ ರೆಸೊನೆನ್ಸ್. ಅಣುವಿನೊಳಗಿನ ಪರಮಾಣು ಬೀಜಗಳು ಪುಟ್ಟ ಅಯಸ್ಕಾಂತಗಳ ಹಾಗೆ ಒಂದನ್ನೊಂದು ಎಳೆದಾಡುತ್ತಿರುತ್ತವೆ. ಆ ಎಳೆತ ಅವುಗಳ ನಡುವಿನ ದೂರ ಮತ್ತು ದಿಕ್ಕಿನ ಮೇಲೆ ನಿಂತಿದೆ. ಅದನ್ನು ಅಳೆದರೆ ಅಣುವಿನ ಆಕಾರವೇ ಸಿಕ್ಕಂತೆ. ತೊಂದರೆ ಏನೆಂದರೆ, ದ್ರವದಲ್ಲಿ ಅಣು ಬುಗುರಿಯ ಹಾಗೆ ಎಲ್ಲ ದಿಕ್ಕಿಗೂ ಉರುಳುತ್ತಿರುವುದರಿಂದ ಎಳೆತ ಸರಾಸರಿಯಲ್ಲಿ ಸೊನ್ನೆಯಾಗಿಬಿಡುತ್ತದೆ. ಘನದಲ್ಲಿ ಉರುಳಾಟವಿಲ್ಲ ನಿಜ, ಆದರೆ ಅಕ್ಕಪಕ್ಕದ ಲೆಕ್ಕವಿಲ್ಲದಷ್ಟು ಅಣುಗಳ ಎಳೆತವೂ ಸೇರಿ ಎಲ್ಲ ಗೆರೆಗಳೂ ಒಂದರ ಮೇಲೊಂದು ಬಿದ್ದು ಕಲಸುಮೇಲೋಗರ. ಒಂದು ಕಡೆ ಮೌನ, ಇನ್ನೊಂದು ಕಡೆ ಗದ್ದಲ!

1963ರಲ್ಲಿ ಜರ್ಮನಿಯ ಆಲ್ಫ್ರೆಡ್ ಸೌಪೆ ಮತ್ತು ಗೆರ್ಹಾರ್ಡ್ ಎಂಗ್ಲರ್ಟ್ ಬೆಂಜೀನನ್ನು ನೆಮ್ಯಾಟಿಕ್ ದ್ರವಸ್ಫಟಿಕದಲ್ಲಿ ಕರಗಿಸಿ ನೋಡಿದರು. ಹೊಳೆಯ ಬಿದಿರಿನ ನಡುವೆ ಸಿಕ್ಕ ತಟ್ಟೆಯ ಹಾಗೆ, ಬೆಂಜೀನ್ ಅಣು ಉರುಳುತ್ತಿದ್ದರೂ ಒಂದು ಕಡೆಗೆ ತುಸು ವಾಲಿಕೊಂಡೇ ಉರುಳಿತು. ಅಣುವಿನೊಳಗಿನ ಎಳೆತ ಪೂರ್ತಿ ಅಳಿಸಿಹೋಗಲಿಲ್ಲ, ಪಕ್ಕದ ಅಣುಗಳ ಗದ್ದಲ ಮಾತ್ರ ಅಳಿಸಿಹೋಯಿತು. ಸಾಧಾರಣ ದ್ರಾವಣದಲ್ಲಿ ಒಂದೇ ಗೆರೆ ಕೊಡುವ ಬೆಂಜೀನ್ ಇಲ್ಲಿ ಹತ್ತಾರು ಚೂಪಾದ ಗೆರೆ ಕೊಟ್ಟಿತು.

ಈ ವಿದ್ಯೆಯಲ್ಲಿ ಭಾರತದ ಹೆಸರು ಸಿ. ಎಲ್. ಖೇತ್ರಪಾಲ್ ಅವರದು. ಸ್ವಿಟ್ಜರ್ಲೆಂಡಿನ ಡೀಲ್ ಜೊತೆ 1969ರಲ್ಲಿ ಅವರು ಬರೆದ ವಿಸ್ತಾರವಾದ ಗ್ರಂಥಭಾಗ ಈ ಕ್ಷೇತ್ರದವರಿಗೆ ಪಠ್ಯದಂತಾಯಿತು. ಮುಂದೆ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ (ನಮ್ಮ ಟಾಟಾ ಇನ್‌ಸ್ಟಿಟ್ಯೂಟ್) ದೀರ್ಘಕಾಲ ಇದೇ ಕೆಲಸ ಬೆಳೆಸಿದರು. ಆಗ ಇದು ಸಣ್ಣ ಅಣುಗಳ ಆಟ. ಪ್ರೋಟೀನಿನಂಥ ದೊಡ್ಡ ಅಣುವಿಗೆ ಮಾಮೂಲಿ ದ್ರವಸ್ಫಟಿಕ ಒಗ್ಗುವುದಿಲ್ಲ, ಅದಕ್ಕೆ ನೀರು ಬೇಕು. 1997ರಲ್ಲಿ ಅಮೆರಿಕದ ಟ್ಯಾಂಡ್ರಾ ಮತ್ತು ಬ್ಯಾಕ್ಸ್ ನೀರಿನಲ್ಲಿ ಕೊಬ್ಬಿನ ಪುಟ್ಟ ಬಿಲ್ಲೆಗಳು ತೇಲುವ ತೆಳು ದ್ರವಸ್ಫಟಿಕದಲ್ಲಿ ಯುಬಿಕ್ವಿಟಿನ್ ಎಂಬ ಪ್ರೋಟೀನನ್ನು ಹೀಗೆಯೇ ತುಸು ವಾಲಿಸಿದರು. ಎಷ್ಟು ವಾಲಿಕೆ ಅಂದರೆ ಸಾವಿರಕ್ಕೆ ಒಂದರಷ್ಟು! ಅಷ್ಟೇ ಸಾಕು. ಅದಕ್ಕಿಂತ ಹೆಚ್ಚಾದರೆ ಮತ್ತೆ ಗದ್ದಲ. ಮರುವರ್ಷ ಬೇರೆಯವರು ಬಿಲ್ಲೆಗಳ ಬದಲು ಬ್ಯಾಕ್ಟೀರಿಯಾ ತಿನ್ನುವ ಕಡ್ಡಿಯಾಕಾರದ ವೈರಸ್ಸುಗಳನ್ನು ಬಳಸಿದರು. ಬರ್ನಾಲರ ಹೊಗೆಸೊಪ್ಪಿನ ವೈರಸ್ಸು ತನ್ನದೇ ಗುಟ್ಟು ಹೇಳಲು ಸಾಲಾಗಿ ಮಲಗಿತ್ತು, ಇವು ಪರರ ಗುಟ್ಟು ಹೇಳಿಸಲು ಮಲಗಿದವು.

ಬೆಂಗಳೂರಿನ ಮಾತು ಬಂದ ಮೇಲೆ ಎಸ್. ಚಂದ್ರಶೇಖರ್ ಅವರನ್ನು ಬಿಡುವಂತಿಲ್ಲ. ನೊಬೆಲ್ ಪಡೆದ ಖಗೋಳವಿಜ್ಞಾನಿ ಚಂದ್ರಶೇಖರ್ ಅಲ್ಲ, ಇವರು ಬೇರೆ. ಇಬ್ಬರೂ ಸಿ. ವಿ. ರಾಮನ್ ಅವರಿಗೆ ಸಂಬಂಧಿಕರು, ಅವರು ಅಣ್ಣನ ಮಗ, ಇವರು ತಂಗಿಯ ಮಗ. ಗೊಂದಲ ಆಗದೆ ಇರುತ್ತದೆಯೇ! ಈ ಚಂದ್ರಶೇಖರ್ 1961ರಲ್ಲಿ ಮೈಸೂರು ವಿಶ್ವವಿದ್ಯಾಲಯದ ಭೌತವಿಜ್ಞಾನ ವಿಭಾಗದ ಮೊದಲ ಮುಖ್ಯಸ್ಥರಾಗಿ ಬಂದರು, ಮಾನಸಗಂಗೋತ್ರಿಯಲ್ಲಿ ವಿದ್ಯಾರ್ಥಿಗಳ ಜೊತೆ ದ್ರವಸ್ಫಟಿಕದ ಕೆಲಸ ಶುರುಮಾಡಿದರು. ಪರದೆಯ ಸುದ್ದಿಯೇ ಇಲ್ಲದ ಕಾಲ ಅದು, ಇದರಿಂದ ಏನು ಲಾಭ ಎಂದು ಕೇಳಿದ್ದರೆ ತೋರಿಸಲು ಏನೂ ಇರಲಿಲ್ಲ. 1971ರಲ್ಲಿ ಬೆಂಗಳೂರಿನ ರಾಮನ್ ಸಂಶೋಧನಾ ಸಂಸ್ಥೆಗೆ ಹೋಗಿ ಅಲ್ಲಿ ದ್ರವಸ್ಫಟಿಕ ಪ್ರಯೋಗಾಲಯ ಕಟ್ಟಿದರು.

ಅಲ್ಲಿಯವರೆಗೆ ಬಿಸಿಯಿಂದಾಗುವ ದ್ರವಸ್ಫಟಿಕಕ್ಕೆ ಅಣು ಕಡ್ಡಿಯಾಕಾರವೇ ಇರಬೇಕೆಂದು ಸಾಮಾನ್ಯ ನಂಬಿಕೆ. 1977ರಲ್ಲಿ ಚಂದ್ರಶೇಖರ್, ಬಿ. ಕೆ. ಸದಾಶಿವ ಮತ್ತು ಕೆ. ಎ. ಸುರೇಶ್ ಬೆಂಗಳೂರಿನಿಂದಲೇ ಹೊರಡುವ 'ಪ್ರಮಾಣ' ಪತ್ರಿಕೆಯಲ್ಲಿ ಒಂದು ಪುಟ್ಟ ಪ್ರಬಂಧ ಬರೆದು, ಬಿಲ್ಲೆಯಾಕಾರದ ಅಣುಗಳೂ ದ್ರವಸ್ಫಟಿಕವಾಗುತ್ತವೆ ಎಂದು ತೋರಿಸಿದರು. ನಡುವೆ ಬೆಂಜೀನ್ ಉಂಗುರ, ಸುತ್ತ ಆರು ಉದ್ದ ಬಾಲ. ಬಿಲ್ಲೆಗಳು ಪೇರಿಸಿಟ್ಟ ಹಪ್ಪಳದ ಹಾಗೆ ಕಂಬವಾಗಿ ನಿಲ್ಲುತ್ತವೆ, ಕಂಬಗಳು ಒಂದರ ಪಕ್ಕ ಒಂದು ಸಾಲಾಗುತ್ತವೆ. ದೊಡ್ಡ ವಿದೇಶಿ ಪತ್ರಿಕೆಗೆ ಕಳಿಸದೆ ಇಲ್ಲಿನ ಪತ್ರಿಕೆಯಲ್ಲೇ ಹಾಕಿದ್ದು, ಅದನ್ನು ಜಗತ್ತು ಹುಡುಕಿಕೊಂಡು ಬಂದು ಓದಿದ್ದು ನನಗೆ ತುಂಬ ಇಷ್ಟವಾದ ವಿಷಯ. 1994ರಲ್ಲಿ ಜರ್ಮನ್ ವಿಜ್ಞಾನಿಗಳು ಇಂಥ ಒಂದು ವಸ್ತುವಿನ ಕಂಬದುದ್ದಕ್ಕೆ ವಿದ್ಯುತ್ ಆವೇಶ ಬಹಳ ವೇಗವಾಗಿ ಓಡುತ್ತದೆ ಎಂದು ನೇಚರ್‌ನಲ್ಲಿ ವರದಿ ಮಾಡಿದ ಮೇಲೆ ಇದು ಸಾವಯವ ಅರೆವಾಹಕಗಳ ಸಂಶೋಧನೆಯ ಒಂದು ಕವಲೇ ಆಯಿತು. (ಪರದೆ ಇದನ್ನೂ ಬಿಡಲಿಲ್ಲ. ಎಲ್‌ಸಿಡಿಯನ್ನು ಓರೆಯಿಂದ ನೋಡಿದರೂ ಚಿತ್ರ ಕೆಡದಂತೆ ಮಾಡುವ ಜಪಾನಿ ಹಾಳೆಯಲ್ಲಿ ಇಂಥ ಬಿಲ್ಲೆ ಅಣುಗಳೇ ಇವೆ!) ಚಂದ್ರಶೇಖರ್ 1991ರಲ್ಲಿ ಜಾಲಹಳ್ಳಿಯಲ್ಲಿ ದ್ರವಸ್ಫಟಿಕಕ್ಕೆಂದೇ ಒಂದು ಕೇಂದ್ರ ಕಟ್ಟಿದರು. ಅವರು 2004ರಲ್ಲಿ ತೀರಿಕೊಂಡರು. ಕೇಂದ್ರ ಹೆಸರು ಬದಲಿಸಿಕೊಂಡು ನ್ಯಾನೊ ಮತ್ತು ಮೃದು ವಸ್ತುಗಳ ಸಂಶೋಧನೆಯಾಗಿ ಮುಂದುವರಿದಿದೆ.

ಬ್ರಹ್ಮಾಂಡದ ಹುಟ್ಟಿಗೂ ಇದಕ್ಕೂ ಸಂಬಂಧ ಇದೆ ಅಂದರೆ ನಗಬೇಡಿ. ವಿಶ್ವ ತಣಿಯುವಾಗ ಬೇರೆ ಬೇರೆ ಮೂಲೆಗಳು ಬೇರೆ ಬೇರೆ 'ದಿಕ್ಕು' ಹಿಡಿದು, ಅವು ಕೂಡುವಲ್ಲಿ ದಾರದಂಥ ಬಿರುಕು ಉಳಿದಿರಬಹುದು ಎಂದು 1976ರಲ್ಲಿ ಟಾಮ್ ಕಿಬಲ್ ಹೇಳಿದ್ದರು. ದ್ರವಸ್ಫಟಿಕ ತಣಿಯುವಾಗಲೂ ಥೇಟ್ ಹೀಗೇ ದಾರಗಳು ಉಳಿಯುತ್ತವೆ, ಅವು ಸೂಕ್ಷ್ಮದರ್ಶಕದಲ್ಲಿ ಕಾಣುತ್ತವೆ. 1991ರಲ್ಲಿ ಚುವಾಂಗ್, ಡ್ಯೂರರ್, ಟ್ಯೂರೊಕ್, ಯರ್ಕ್ ಆ ದಾರಗಳು ಹೇಗೆ ಹೆಣೆದು ಕರಗುತ್ತವೆ ಎಂದು ನೋಡಿದರು. 1994ರಲ್ಲಿ ಬೋವಿಕ್, ಚಂದರ್, ಶಿಫ್, ಶ್ರೀವಾಸ್ತವ ದಾರಗಳನ್ನು ಎಣಿಸಿ ಕಿಬಲ್ ಲೆಕ್ಕದ ಜೊತೆ ಹೋಲಿಸಿದರು, ಸರಿಹೊಂದಿತು. ಗೆಲಾಕ್ಸಿಗಳಿಗೆ ಬೀಜವಾದದ್ದು ಈ ದಾರಗಳೇ ಎಂಬ ಊಹೆ ಆಮೇಲಿನ ಆಕಾಶದ ಅಳತೆಗಳಲ್ಲಿ ಬಿದ್ದುಹೋಯಿತು. ದ್ರವಸ್ಫಟಿಕದಲ್ಲಿ ಕಂಡದ್ದು ಮಾತ್ರ ಹಾಗೇ ಇದೆ.

ಇನ್ನು ಆ ಸೋಪಿನ ಲೋಳೆ. ಜೀವಕೋಶದ ಪೊರೆಯಲ್ಲಿ ಹುದುಗಿರುವ ಪ್ರೋಟೀನುಗಳ ರಚನೆ ತಿಳಿಯುವುದು ದಶಕಗಳ ಕಾಲ ದೊಡ್ಡ ತಲೆನೋವಾಗಿತ್ತು. ಎಕ್ಸ್-ರೇಯಲ್ಲಿ ನೋಡಲು ಪ್ರೋಟೀನು ಹರಳುಗಟ್ಟಬೇಕು. ಹರಳುಗಟ್ಟಿಸಲು ಪೊರೆಯಿಂದ ಕಿತ್ತು ತೆಗೆದರೆ ಅದರ ಆಕಾರವೇ ಕೆಡುವ ಭಯ. 1996ರಲ್ಲಿ ಸ್ವಿಟ್ಜರ್ಲೆಂಡಿನ ಬಾಸೆಲ್‌ನಲ್ಲಿ ಎಹುದ್ ಲಾಂಡೌ ಮತ್ತು ಯೂರ್ಗ್ ರೋಸೆನ್‌ಬುಷ್ ಮೋನೋಒಲೀನ್ ಎಂಬ ಕೊಬ್ಬನ್ನು ನೀರಿನ ಜೊತೆ ಬೆರೆಸಿದರು. ಬೇಕರಿಯವರು ಬ್ರೆಡ್ಡು ಮೆತ್ತಗಿರಲೆಂದು ಹಾಕುವ ಮೋನೋಗ್ಲಿಸರೈಡುಗಳ ಮನೆತನದ್ದೇ ಇದು. ಬೆರೆತಾಗ ಟೂತ್‌ಪೇಸ್ಟಿನಷ್ಟು ಗಟ್ಟಿಯಾದ, ಗಾಜಿನಷ್ಟು ತಿಳಿಯಾದ ದ್ರವಸ್ಫಟಿಕವಾಯಿತು. ಅದರೊಳಗೆ ಒಂದೇ ಪೊರೆ ಸ್ಪಂಜಿನ ಹಾಗೆ ಎಲ್ಲ ಕಡೆಗೂ ಎಡೆಬಿಡದೆ ಹಬ್ಬಿರುತ್ತದೆ. ಪ್ರೋಟೀನಿಗೆ ತವರಿನಂಥದೇ ಪೊರೆ, ಅದರಲ್ಲೇ ಸರಿದಾಡಿ ಹರಳಿಗೆ ಬಂದು ಸೇರಿಕೊಳ್ಳುವಷ್ಟು ಸಡಿಲ. ಉಪ್ಪುನೀರಿನ ಸೂಕ್ಷ್ಮಜೀವಿಯೊಂದರ ಬ್ಯಾಕ್ಟೀರಿಯೊರೊಡಾಪ್ಸಿನ್ ಮೊದಲು ಹೀಗೆ ಹರಳುಗಟ್ಟಿತು.

ಆದರೆ ಪೇಸ್ಟನ್ನು ಅಳೆದು ಹನಿಹನಿಯಾಗಿ ಸುರಿಯುವುದು ಹೇಗೆ? ಎರಡು ಸಿರಿಂಜುಗಳನ್ನು ಬಾಯಿಗೆ ಬಾಯಿ ಜೋಡಿಸಿ, ಅತ್ತಿಂದಿತ್ತ ಒತ್ತಿ ಒತ್ತಿ ಬೆರೆಸುವುದು, ಆಮೇಲೆ ಒಂದು ಹನಿಗಿಂತಲೂ ಎಷ್ಟೋ ಸಣ್ಣ ಪಾಲುಗಳನ್ನು ಹಿಂಡುವುದು. ಮೊದಲು ಕೈಯಿಂದ, ಮುಂದೆ ರೋಬೋಟುಗಳಿಂದ. 2007ರಲ್ಲಿ ಚೆರೆಜೊವ್, ಸ್ಟೀವನ್ಸ್, ಕೊಬಿಲ್ಕಾ ಮತ್ತು ಸಂಗಡಿಗರು ಈ ಪೇಸ್ಟಿನೊಳಗೇ ಮನುಷ್ಯನ ಬೀಟಾ-2 ಅಡ್ರಿನರ್ಜಿಕ್ ರಿಸೆಪ್ಟರನ್ನು ಹರಳುಗಟ್ಟಿಸಿ, 2.4 ಆಂಗ್‌ಸ್ಟ್ರಾಮ್ ಸ್ಪಷ್ಟತೆಯಲ್ಲಿ ಅದರ ರಚನೆ ಪ್ರಕಟಿಸಿದರು. ನಾಲ್ಕು ವರ್ಷದ ನಂತರ ಅದೇ ರಿಸೆಪ್ಟರ್ ಒಳಗಿನ ಜಿ-ಪ್ರೋಟೀನಿಗೆ ಸಂದೇಶ ದಾಟಿಸುವ ಭಂಗಿಯಲ್ಲೇ ಸಿಕ್ಕಿತು, ಅದೂ ಇಂಥದೇ ಪೇಸ್ಟಿನಲ್ಲಿ. 2012ರ ರಸಾಯನ ನೊಬೆಲ್ ಈ ರಿಸೆಪ್ಟರುಗಳ ಅಧ್ಯಯನಕ್ಕಾಗಿ ಕೊಬಿಲ್ಕಾ ಮತ್ತು ಲೆಫ್ಕೊವಿಟ್ಜ್ ಅವರಿಗೆ ಬಂತು. ಇವತ್ತು ಬಳಕೆಯಲ್ಲಿರುವ ಔಷಧಿಗಳಲ್ಲಿ ಸುಮಾರು ಮೂರನೇ ಒಂದು ಪಾಲು ಕೆಲಸ ಮಾಡುವುದು ಈ ಕುಟುಂಬದ ರಿಸೆಪ್ಟರುಗಳ ಮೇಲೆಯೇ. ಉಬ್ಬಸದವರು ಜೇಬಿನಲ್ಲಿಟ್ಟುಕೊಂಡು ಓಡಾಡುವ ಸಾಲ್ಬುಟಮಾಲ್ ಇನ್‌ಹೇಲರ್ ಉಸಿರು ಬಿಡಿಸುವುದು ಇದೇ ಬೀಟಾ-2ರ ಬಾಗಿಲು ತಟ್ಟಿ.